ಪೌರತ್ವಕ್ಕೊಂದು ಕ್ರಯಪತ್ರ

ನಮ್ಮ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಚೌತಿಯ ಮಾರನೆಯ ರಾತ್ರಿ ಅವನ ಫೋನು ಬಂತು. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ, "ಮಾವ, ಊರಿನ ಜಾಗದ ಕಾಗದಕ್ಕೆ ನಿಮ್ಮದೊಂದು ಸಹಿ ಬೇಕಿತ್ತು" ಎಂದ. ಜಾಗವೆಂದರೆ ಕುಂದಾಪುರದ ಸಮೀಪ ಒಂದಷ್ಟು ತೆಂಗಿನ ತೋಟ, ಹಂಚಿನ ಮನೆ, ಒಂದು ಬಾವಿ. ಇನ್ನೂ ಪಾಲಾಗದ ಆಸ್ತಿಯಾದುದರಿಂದ ಅಕ್ಕ ತನ್ನ ಭಾಗವನ್ನು ಮಾರಬೇಕಾದರೆ ನಮ್ಮ ಸಹಿಯೂ ಬೇಕು. "ಏನು ಅಷ್ಟು ತುರ್ತು?" ಎಂದು ಕೇಳಿದೆವು. "ಗ್ರೀನ್ ಕಾರ್ಡ್ ತಗೊಳ್ಳೋಣಾಂತ" ಎಂದ, ಫ್ರಿಜ್ ತೆಗೆದುಕೊಳ್ಳೋಣ ಎಂದಷ್ಟೇ ಸಲೀಸಾಗಿ.

ಆ ದೇಶದಲ್ಲಿ 1990ರಿಂದಲೂ ಇಂತಹದೊಂದು ಕಾನೂನು ಇದೆಯಂತೆ. ಉದ್ಯಮವೊಂದರಲ್ಲಿ ಹಣ ತೊಡಗಿಸಿ, ಹತ್ತು ಮಂದಿಗೆ ಕೆಲಸ ಹುಟ್ಟುವಂತೆ ಮಾಡಿದರೆ ಶಾಶ್ವತ ವಾಸದ ಹಕ್ಕು. ಅಲ್ಲಿಂದ ಐದು ವರ್ಷ ಕಳೆದರೆ ಪೌರತ್ವಕ್ಕೆ ಅರ್ಜಿ. 2022ರಿಂದ ಅದರ ಕನಿಷ್ಠ ಮೊತ್ತ 8 ಲಕ್ಷ ಡಾಲರ್. ಬಹುಪಾಲು ಜನ ಅದನ್ನು ಎಲ್ಲೋ ಏಳುತ್ತಿರುವ ಹೋಟೆಲು, ವಸತಿ ಕಟ್ಟಡಗಳ ಯೋಜನೆಗಳಲ್ಲಿ ಹೂಡುತ್ತಾರೆ. ಸಾಲದೆಂದು 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು 'ಗೋಲ್ಡ್ ಕಾರ್ಡ್' ಎಂಬುದನ್ನೂ ಹೊರಡಿಸಿದರು. ಅದಕ್ಕೆ ಹೂಡಿಕೆಯ ನೆಪವೂ ಬೇಡ, ಖಜಾನೆಗೆ 10 ಲಕ್ಷ ಡಾಲರ್ ಕಾಣಿಕೆ ಸಲ್ಲಿಸಿದರಾಯಿತು.

ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಸಹಿಯ ಮಾತು ಹಾಗಿರಲಿ; ಪೌರತ್ವ ಎಂಬುದು ಮಾರಬಹುದಾದ ವಸ್ತುವೇ? ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಗಿರಿ ಮಾಡುವ ನಮಗೆ ತತ್ವಶಾಸ್ತ್ರ ಬಾರದು, ಓದಿದ್ದು ಬಿ.ಎಸ್ಸಿ. ಆದರೆ ಪ್ರಶ್ನೆ ಮನೆಬಾಗಿಲಿಗೇ ಬಂದು ನಿಂತಾಗ ಬಲ್ಲಷ್ಟರಲ್ಲೇ ಯೋಚಿಸಬೇಕಷ್ಟೆ.

ಈ ವ್ಯಾಪಾರ ಹೊಸದಲ್ಲ. ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದ್ವೀಪರಾಷ್ಟ್ರ 1984ರಲ್ಲೇ ಅಂಗಡಿ ತೆರೆಯಿತು. ತುರ್ಕಿಯಲ್ಲಿ 2017ರಲ್ಲಿ 10 ಲಕ್ಷ ಡಾಲರಿನ ಆಸ್ತಿ ಕೊಂಡವನಿಗೆ ಪೌರತ್ವ ಎಂದರು. ಮರುವರ್ಷ ಎರಡೂವರೆ ಲಕ್ಷಕ್ಕೆ ಇಳಿಸಿದರು. ಗಿರಾಕಿ ಹೆಚ್ಚಿದಾಗ, 2022ರಲ್ಲಿ, ನಾಲ್ಕು ಲಕ್ಷಕ್ಕೆ ಏರಿಸಿದರು. ವಾಶಿ ಮಾರ್ಕೆಟ್ಟಿನ ಈರುಳ್ಳಿಯೂ ಹೀಗೆಯೇ ಏರಿಳಿಯುತ್ತದೆ. ಯುರೋಪಿನ ಮಾಲ್ಟಾ ದೇಶವೂ ಇದನ್ನೇ ಮಾಡುತ್ತಿತ್ತು. 2025ರ ಏಪ್ರಿಲ್ 29ರಂದು ಯುರೋಪಿನ ಒಕ್ಕೂಟದ ನ್ಯಾಯಾಲಯವು ಅದು ಕೂಡದೆಂದು ತೀರ್ಪಿತ್ತಿತು. ರಾಜ್ಯಕ್ಕೂ ಪ್ರಜೆಗೂ ನಡುವೆ ಇರುವುದು ವಿಶ್ವಾಸದ ನಂಟು, ಅದನ್ನು ಹಣದ ವ್ಯವಹಾರವನ್ನಾಗಿ ಮಾಡಬಾರದು ಎಂಬುದು ಆ ತೀರ್ಪಿನ ತಿರುಳು.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1955ರ ಪೌರತ್ವ ಕಾಯಿದೆಯಂತೆ ಸಾಮಾನ್ಯವಾಗಿ ಪರದೇಶಿಯೊಬ್ಬ ಇಲ್ಲಿ ಹನ್ನೆರಡು ವರ್ಷ ಬಾಳಿರಬೇಕು; ನಡತೆ ಒಳ್ಳೆಯದಿರಬೇಕು; ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದಾದರೂ ಒಂದು ಭಾಷೆ ಸಾಕಷ್ಟು ತಿಳಿದಿರಬೇಕು. ಅಂದರೆ ಕನ್ನಡ ಕಲಿತರೂ ಆಯಿತು! (ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಈ ಪರೀಕ್ಷೆಯನ್ನು ಕನ್ನಡದಲ್ಲಿ ಪಾಸು ಮಾಡಿಯಾರು ಎಂಬುದನ್ನು ವಾಚಕರೇ ಹೇಳಲಿ.) ವಿಜ್ಞಾನ, ತತ್ವಜ್ಞಾನ, ಕಲೆ, ಸಾಹಿತ್ಯ, ವಿಶ್ವಶಾಂತಿ, ಮಾನವಪ್ರಗತಿ ಇವುಗಳಿಗೆ ವಿಶೇಷ ಸೇವೆ ಸಲ್ಲಿಸಿದವರಿಗೆ ಈ ಷರತ್ತುಗಳನ್ನು ಸಡಿಲಿಸುವ ಅಧಿಕಾರ ಸರಕಾರಕ್ಕಿದೆ. ಆ ಪಟ್ಟಿಯಲ್ಲಿ ಹಣವಿಲ್ಲ. ಈ ಕಲಮನ್ನು ಓದಿದಾಗ ನಮಗೆ ನೆನಪಾಗುವವರು ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು 1957ರಲ್ಲಿ ಕಲಕತ್ತೆಗೆ ಬಂದು, ಮುಂದೆ ಭಾರತದ ಪೌರರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಬರೆದಿಟ್ಟಿದ್ದರು. ಇದು ಎಷ್ಟು ಲಕ್ಷ ಡಾಲರಿನ ಹೂಡಿಕೆ?

ಆದರೆ ನಮ್ಮಲ್ಲೂ ಒಂದು ಕಿಟಕಿ ತೆರೆದಿದೆ. 2016ರ ಆಗಸ್ಟ್ 31ರಂದು ಕೇಂದ್ರ ಸಚಿವ ಸಂಪುಟ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. 18 ತಿಂಗಳಲ್ಲಿ 10 ಕೋಟಿ, ಇಲ್ಲವೇ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಬಂಡವಾಳ ತಂದು, ವರ್ಷಕ್ಕೆ ಇಪ್ಪತ್ತು ಮಂದಿ ಭಾರತೀಯರಿಗಾದರೂ ಕೆಲಸ ಕೊಡುವ ವಿದೇಶೀಯನಿಗೆ ಹತ್ತು ವರ್ಷಗಳ ವಾಸದ ಹಕ್ಕು. ಜತೆಗೆ ವಾಸಕ್ಕೊಂದು ಮನೆ ಕೊಳ್ಳುವ ಅನುಮತಿ. ಇದು ಪೌರತ್ವವಲ್ಲ, ಮತದಾನವಿಲ್ಲ. ಹೀಗಿರುವುದರಿಂದ ನಮ್ಮ ತಕರಾರೂ ಇಲ್ಲ. (ಸರಕಾರದ ನೀತಿಯನ್ನು ನೌಕರರು ಟೀಕಿಸಬಾರದೆಂಬ ನಿಯಮ ನಮಗೆ ನೆನಪಿದೆ, ಆದರೆ ಇದು ಆ ಹೆದರಿಕೆಯಿಂದ ಬಂದ ಮಾತಲ್ಲ.) ಹಣವಿದ್ದವನು ಬಂದು ಇರಲಿ, ಕಾರ್ಖಾನೆ ಕಟ್ಟಲಿ. ಇರುವುದಕ್ಕೂ ನಮ್ಮಲ್ಲಿ ಒಬ್ಬನಾಗುವುದಕ್ಕೂ ವ್ಯತ್ಯಾಸವಿದೆ. ಪ್ರಶ್ನೆ ಏಳುವುದು ಎರಡನೆಯದನ್ನೂ ಅದೇ ರಶೀದಿಯ ಮೇಲೆ ಕೊಡಹೊರಟಾಗ.

ಇಷ್ಟು ಯೋಚಿಸಿ ನಾವು ಸಮಾಧಾನದಿಂದ ಮಲಗಬಹುದಿತ್ತು. ಮಲಗಲು ಬಿಡದಿದ್ದುದು ನಮ್ಮದೇ ಹೌಸಿಂಗ್ ಸೊಸೈಟಿ.

ಭಾಂಡುಪಿನ ನಮ್ಮ ಕಟ್ಟಡಕ್ಕೆ ನಾವೇ ಸೆಕ್ರೆಟರಿ. ಸಂಬಳವಿಲ್ಲ, ಬೈಗುಳ ಧಾರಾಳ. ಸೊಸೈಟಿ ಎಂಬುದೂ ಒಂದು ಪುಟ್ಟ ದೇಶವೇ ಅಲ್ಲವೇ? ಅದಕ್ಕೆ ಗಡಿಯುಂಟು, ಕಾವಲುಗಾರನುಂಟು, ತೆರಿಗೆಯುಂಟು, ಚುನಾವಣೆಯುಂಟು. ಅಲ್ಲಿ ಪೌರತ್ವ ದೊರೆಯುವುದು ಹೇಗೆ? ಆಸ್ತಿ ಕೊಂಡು! ಫ್ಲ್ಯಾಟು ಕೊಂಡವನು ಐವತ್ತು ರೂಪಾಯಿಯ ಹತ್ತು ಷೇರು ಪಡೆದು, ಹೆಚ್ಚೆಂದರೆ 25,000 ರೂಪಾಯಿ ಟ್ರಾನ್ಸ್‌ಫರ್ ಪ್ರೀಮಿಯಮ್ ತೆತ್ತು ಸದಸ್ಯನಾಗುತ್ತಾನೆ. ದೊಡ್ಡ ಫ್ಲ್ಯಾಟಿರಲಿ, ಚಿಕ್ಕದಿರಲಿ, ಸದಸ್ಯನಿಗೆ ಒಂದೇ ಮತ. ಇದನ್ನು ನಾವು ಯಾರೂ ಅನ್ಯಾಯವೆಂದದ್ದಿಲ್ಲ.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಾರ್ಕಳ ಕಡೆಯವರೊಬ್ಬರು ಬಾಡಿಗೆಗೆ ಇದ್ದರು. ಕ್ಯಾಂಟೀನಿನ ಅಡುಗೆಯವರು. ಇಪ್ಪತ್ತೆರಡು ವರ್ಷದ ವಾಸ, ಎಲ್ಲವೂ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ. ಲೆಕ್ಕ ಹಾಕಿದರೆ ಇಪ್ಪತ್ನಾಲ್ಕು ಸಲ ನವೀಕರಣ! ವೀಸಾಕ್ಕಾಗಿ ಕಾಯುವ ನಮ್ಮ ಅಳಿಯನಿಗೂ ಇವರಿಗೂ ಏನು ಭೇದ? 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ನಾವು ಕಚೇರಿಯಿಂದ ಹೊರಟು ಸಾಯನ್ನಿನ ನೀರಿನಲ್ಲಿ ಸಿಕ್ಕಿಬಿದ್ದಿದ್ದೆವು. ಮನೆಯಲ್ಲಿ ಪಾರ್ಶ್ವವಾಯು ಬಡಿದ ತಂದೆಯವರು. ನೀರು ನೆಲಮಾಳಿಗೆಗೆ ನುಗ್ಗಿದಾಗ ಮೀಟರಿನ ಮೈನ್ ಸ್ವಿಚ್ ತೆಗೆದು, ನಮ್ಮ ತಂದೆಯವರನ್ನು ಬೆನ್ನ ಮೇಲೆ ಹೊತ್ತು ಎರಡನೆಯ ಮಾಳಿಗೆಗೆ ಸೇರಿಸಿದವರು ಈ ಅಣ್ಣ. ಮರುದಿನ ಮಧ್ಯಾಹ್ನ ನಾವು ನಡೆದುಕೊಂಡು ಮನೆಗೆ ಮುಟ್ಟಿದಾಗ ಇಡೀ ಕಟ್ಟಡಕ್ಕೆ ಗಂಜಿ ಬೇಯಿಸಿ ಬಡಿಸುತ್ತಿದ್ದರು.

ಕಳೆದ ವರ್ಷ ಕಟ್ಟಡದ ರಿಡೆವಲಪ್‌ಮೆಂಟಿನ ಸಭೆ ಸೇರಿತು. ಸದಸ್ಯರಲ್ಲಿ ನೂರಕ್ಕೆ 51 ಮಂದಿ ಒಪ್ಪಿದರೆ ಸಾಕೆಂದು 2019ರಲ್ಲಿ ನಿಯಮವಾಗಿದೆ. ಮೂರನೆಯ ಮಾಳಿಗೆಯ ಫ್ಲ್ಯಾಟನ್ನು ಕೊಂಡು ಆರು ವರ್ಷದಿಂದ ಬೀಗ ಹಾಕಿಟ್ಟಿದ್ದ ಮಹನೀಯರೊಬ್ಬರು ಕೊಲ್ಲಿ ದೇಶದಿಂದ ವಿಮಾನದಲ್ಲಿ ಬಂದು ಕೈ ಎತ್ತಿದರು. ಅವರಿಗೆ ನಮ್ಮ ಪಂಪು ಎಲ್ಲಿದೆಯೆಂದೂ ತಿಳಿಯದು. ಆಗ ಹಿಂದಿನ ಸಾಲಿನಲ್ಲಿ ನಿಂತಿದ್ದ ಅಣ್ಣ, "ಇಲ್ಲಿ ಇರುವವರದ್ದು ಏನು?" ಎಂದು ಕೇಳಿದರು. ಸಭೆ ಸುಮ್ಮನಾಯಿತು. ಉತ್ತರ ಕೊಡಬೇಕಾದವರು ಸೆಕ್ರೆಟರಿ. "ಅಣ್ಣಾ, ಕುಳಿತುಕೊಳ್ಳಿ, ನೀವು ಮೆಂಬರಲ್ಲ, ಬೈಲಾದಲ್ಲಿ ಅವಕಾಶವಿಲ್ಲ" ಎಂದೆವು. ಅವರು ಕುಳಿತುಕೊಳ್ಳಲಿಲ್ಲ, ಹೊರಗೆ ಹೋದರು. ಈಗ ಬದ್ಲಾಪುರದಲ್ಲಿದ್ದಾರೆ. ನಮಗೆ ಬಿಲ್ಡರ್ ಬಾಡಿಗೆ ಕೊಡುತ್ತಾನೆ, ಹೊಸ ಫ್ಲ್ಯಾಟು ಕೊಡುತ್ತಾನೆ.

ಬೈಲಾ ಪ್ರಕಾರ ನಾವು ಹೇಳಿದ್ದು ಸರಿ. ಸೂರಿನ ಖರ್ಚು ಹೊರುವವನಿಗೆ ಸೂರಿನ ಮೇಲೆ ಮಾತು ಎಂಬ ನ್ಯಾಯಕ್ಕೂ ಅರ್ಥವಿದೆ. ಇಲ್ಲವಾದರೆ ಯಾವ ಕಟ್ಟಡವೂ ನಿಲ್ಲದು. ಆದರೆ ಮಾಲ್ಟಾದ ವ್ಯಾಪಾರವನ್ನು ಹಳಿಯುವ ಬಾಯಿ ನಮ್ಮದಾಗಬೇಕಾದರೆ ಈ ಮಾತನ್ನು ಮೊದಲು ಬರೆಯಬೇಕೆನಿಸಿತು.

ಈ ಮುಂಬಯಿಯಲ್ಲಿ ಬಡವನಿಗೆ ನೆಲೆಯ ಹಕ್ಕು ಬಂದದ್ದು ಹೇಗೆಂದು ನೋಡಿ. ಜೋಪಡಪಟ್ಟಿಯವನು ಮೊದಲು 1995ರ ಜನವರಿ 1ಕ್ಕಿಂತ, ಬಳಿಕ 2000ದ ಜನವರಿ 1ಕ್ಕಿಂತ ಹಿಂದಿನಿಂದ ಅಲ್ಲಿದ್ದೆನೆಂದು ಕಾಗದ ತೋರಿಸಬೇಕಿತ್ತು: ಮತದಾರರ ಪಟ್ಟಿ, ರೇಶನ್ ಕಾರ್ಡು, ಲೈಟ್ ಬಿಲ್ಲು. ಅವನು ತೆತ್ತದ್ದು ವರ್ಷಗಳನ್ನು. ಆಮೇಲೆ 2011ರ ತನಕ ಬಂದವರಿಗೆ ಹಣ ಕಟ್ಟಿಸಿಕೊಂಡು ಮನೆ ಕೊಡುವ ಏರ್ಪಾಡಾಗಿ, 2023ರಲ್ಲಿ ಎರಡೂವರೆ ಲಕ್ಷವೆಂದು ದರವೂ ಗೊತ್ತಾಯಿತು. ಅಂದರೆ ವರ್ಷಗಳೂ ಬೇಕು, ಹಣವೂ ಬೇಕು. ಕೋಟ್ಯಧೀಶನಿಗೆ ಮಾತ್ರ ವರ್ಷಗಳಿಂದ ರಿಯಾಯಿತಿ.

ವರ್ಷಗಳನ್ನೇ ತೆತ್ತೂ ದಕ್ಕದವರು ನಮ್ಮ ಕರ್ನಾಟಕದಲ್ಲೇ ಇದ್ದಾರೆ. ಬೈಲುಕುಪ್ಪೆಗೆ ಹೋದವರು ನೋಡಿರುತ್ತೀರಿ. ಕಾಡುಭೂಮಿ ಕೊಟ್ಟು ನೆಲೆಗೊಳಿಸಿದ ಟಿಬೆಟಿನವರು ಅಲ್ಲಿ ಅರುವತ್ತು ವರ್ಷಕ್ಕೂ ಮಿಕ್ಕಿ ಮುಸುಕಿನ ಜೋಳ ಬೆಳೆದಿದ್ದಾರೆ. ಕನ್ನಡ ಚೆನ್ನಾಗಿ ಆಡುವವರುಂಟು. ಆದರೆ ಪರದೇಶಿಯರೆಂಬ ನೋಂದಣಿ ಪತ್ರ ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26 ಮತ್ತು 1987ರ ಜುಲೈ 1ರ ನಡುವೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂದು ಕಾಯಿದೆಯಲ್ಲೇ ಇದ್ದರೂ ಆ ಹಕ್ಕು ಅವರಿಗೂ ಸಲ್ಲುತ್ತದೆಂದು ಹೇಳಿಸಿಕೊಳ್ಳಲು ಹೈಕೋರ್ಟು ಹತ್ತಬೇಕಾಯಿತು. 2010ರಲ್ಲಿ ದೆಹಲಿಯಲ್ಲಿ, 2013ರಲ್ಲಿ ನಮ್ಮ ಕರ್ನಾಟಕದಲ್ಲಿ.

ಇನ್ನು ಹಣ ಕೊಟ್ಟು ಕೊಂಡ ಪೌರತ್ವ ಯಾವುದಕ್ಕೆ ಬಳಕೆಯಾಗುತ್ತದೆ? ಎಲ್ಲರೂ ಕಳ್ಳರೆಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಊರಿನ ಉದಾಹರಣೆಯೇ ಕಣ್ಣಮುಂದಿದೆ. ಮುಂಬಯಿಯ ವಜ್ರ ವ್ಯಾಪಾರಿ ಮೇಹುಲ್ ಚೋಕ್ಸಿ 2017ರ ನವೆಂಬರಿನಲ್ಲಿ ಆಂಟಿಗುವಾ ಮತ್ತು ಬಾರ್ಬುಡಾ ದೇಶದ ಪೌರತ್ವವನ್ನು ಹೂಡಿಕೆಯ ಯೋಜನೆಯಡಿ ಪಡೆದರು. 2018ರ ಜನವರಿಯಲ್ಲಿ ದೇಶ ಬಿಟ್ಟರು. ಮರುತಿಂಗಳು ಪಂಜಾಬ್ ನ್ಯಾಷನಲ್ ಬ್ಯಾಂಕಿನ ಫೋರ್ಟ್ ಶಾಖೆಯ ಹದಿಮೂರು ಸಾವಿರ ಕೋಟಿಗೂ ಮೀರಿದ ವಂಚನೆಯ ಆರೋಪ ಹೊರಬಿತ್ತು. ಬೆಲ್ಜಿಯಮಿನಲ್ಲಿ ಅವರ ಬಂಧನವಾದದ್ದು 2025ರ ಏಪ್ರಿಲಿನಲ್ಲಿ. ಆರೋಪದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ನಮ್ಮ ಮಾತು ಪೌರತ್ವದ್ದು ಮಾತ್ರ. ಒಬ್ಬನಿಗೆ ಎರಡನೆಯ ದೇಶ ದೊರಕಿದೊಡನೆ ಮೊದಲನೆಯದರ ಕೈ ಏಳು ವರ್ಷ ಹಿಂದೆಯೇ ಉಳಿಯಿತು. ಅದೇ ಫೋರ್ಟಿನ ಹೋಟೆಲೊಂದರಲ್ಲಿ ನಮ್ಮ ತಂದೆಯವರು ಹನ್ನೆರಡನೆಯ ವಯಸ್ಸಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕೊಂದರಲ್ಲಿ ಜವಾನರಾದರು. 1966ರ ನಂತರ ದಕ್ಷಿಣದವರು ಹೊರಗೆ ಹೋಗಿರೆಂಬ ಕೂಗು ಎದ್ದಾಗ ಓಡಲು ಅವರಿಗೆ ಬೇರೆ ಪಾಸ್‌ಪೋರ್ಟ್ ಇರಲಿಲ್ಲ. ಅಂಗಡಿಯ ಬೋರ್ಡು ಒಡೆದರೆ ಮರುದಿನ ಅದೇ ಬೀದಿಯನ್ನು ಗುಡಿಸಿ, ಒಡೆದವನಿಗೇ ಚಹಾ ಕೊಟ್ಟು, ಮರಾಠಿ ಕಲಿತು, ಇದ್ದುಬಿಟ್ಟರು. ಹೋಗಲು ಬೇರೆ ದಾರಿ ಇಲ್ಲದಿರುವುದರಿಂದಲೂ ಊರು ನಮ್ಮದಾಗುತ್ತದೆ ಎಂದು ನಮಗೆ ತೋರುತ್ತದೆ. ಕೊಂಡವನಲ್ಲಿ ಇಲ್ಲದ್ದು ಇದೇ. ಅವನ ಜೇಬಿನಲ್ಲಿ ಇನ್ನೊಂದು ಕೀಲಿಕೈ ಇದ್ದೇ ಇರುತ್ತದೆ.

ಇದನ್ನೆಲ್ಲ ಅಳಿಯನಿಗೆ ಫೋನಿನಲ್ಲಿ ಹೇಳಿದೆವು. ಅವನು ತಾಳ್ಮೆಯಿಂದ ಕೇಳಿ ಹೀಗೆಂದ: "ಮಾವ, ನಾನು ಇಲ್ಲಿ ಹದಿಮೂರು ವರ್ಷದಿಂದ ಇದ್ದೇನೆ. ತೆರಿಗೆ ಕಟ್ಟಿದ್ದೇನೆ. ಭಾರತದಲ್ಲಿ ಹುಟ್ಟಿದವರ ಸರದಿ ದಶಕಗಟ್ಟಲೆ ಉದ್ದ. ಮಗನಿಗೆ ಹದಿನಾಲ್ಕು. ಇಪ್ಪತ್ತೊಂದು ತುಂಬಿದರೆ ಅವನು ನನ್ನ ಅರ್ಜಿಯಿಂದ ಬಿದ್ದುಹೋಗ್ತಾನೆ. ಎರಡು ವರ್ಷದ ಕೂಸಾಗಿ ಬಂದವ, ಅವನಿಗೆ ಬೇರೆ ಊರು ಗೊತ್ತಿಲ್ಲ. ವರ್ಷ ಕೊಟ್ಟೆ, ಅವರು ತಗೊಳ್ಳಲಿಲ್ಲ. ಈಗ ದುಡ್ಡು ಕೊಡ್ತೇನೆ."

ನಮ್ಮ ಬಳಿ ಇದಕ್ಕೆ ಉತ್ತರವಿರಲಿಲ್ಲ. ಅವನು ಅಲ್ಲಿನ ನೆಲಮಾಳಿಗೆಯ ಬಾಡಿಗೆದಾರ; ಸಭೆಯಲ್ಲಿ ಕುಳಿತುಕೋ ಎನ್ನಿಸಿಕೊಂಡವನು. ದುಡ್ಡಿನ ಬಾಗಿಲನ್ನು ಅವನು ಕಟ್ಟಿದ್ದಲ್ಲ. ವರ್ಷಗಳ ಬಾಗಿಲನ್ನು ಮುಚ್ಚಿ ಅದರ ಪಕ್ಕದಲ್ಲಿ ಈ ಬಾಗಿಲನ್ನು ತೆರೆದಿಟ್ಟವರ ಮೇಲೆ ನಮ್ಮ ಸಿಟ್ಟೇ ಹೊರತು, ಒಳಗೆ ಹೋಗುವವನ ಮೇಲೆ ಅಲ್ಲ.

ಮೊನ್ನೆ ರಜೆ ಹಾಕಿ ಊರಿಗೆ ಹೋಗಿ ಸಹಿ ಹಾಕಿ ಬಂದೆವು. ಬರೆಯುವಾಗ ನಾಗಬನದ ಮೂರು ಸೆಂಟ್ಸ್ ಜಾಗವನ್ನೂ ಅಲ್ಲಿಗೆ ಹೋಗುವ ಕಾಲುದಾರಿಯನ್ನೂ ಬಿಟ್ಟು ಬರೆಸಿದ್ದೇವೆ. ಕೊಂಡವರು ಬೆಂಗಳೂರಿನವರು, ರೆಸಾರ್ಟ್ ಮಾಡುವವರು, ಒಳ್ಳೆಯ ಮನುಷ್ಯರು. ವರ್ಷಕ್ಕೊಮ್ಮೆ ತನು ಹಾಕಲು ಯಾರು ಬರುತ್ತೀರಿ ಎಂದು ಕೇಳಿದರು. ಅಕ್ಕ ನಮ್ಮ ಮುಖ ನೋಡಿದಳು. ನಾಗರಪಂಚಮಿಗೆ ಕಚೇರಿಗೆ ರಜೆ ಇರುವುದಿಲ್ಲ, ಸಿ.ಎಲ್. ಹಾಕಿ ಬರುತ್ತೇವೆ ಎಂದೆವು.