ಹಾವಿನ ಹಸಿವು ಯಾರ ಹೊಣೆ?

ನಾಯಿ ಬೇಡ, ಬೆಕ್ಕು ಬೇಡ, ಹಾವು ಬೇಕು ಎನ್ನುವ ಮಕ್ಕಳು ನಮ್ಮ ಕನ್ನಡ ಮನೆಗಳಲ್ಲಿ ಈಗ ಅಪರೂಪವಲ್ಲ. ಇಲ್ಲಿ ಬೇ ಏರಿಯಾದ ಅಂಗಡಿಗಳಲ್ಲಿ ಲೆಪರ್ಡ್ ಗೆಕ್ಕೋ ಎಂಬ ಹಲ್ಲಿ, ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು, ಬಣ್ಣಬಣ್ಣದ ಕಪ್ಪೆ ಎಲ್ಲವೂ ದೊರೆಯುತ್ತವೆ. ಇವು ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ಬೆಳಗಿನ ಚಳಿಯಲ್ಲಿ ತಿರುಗಾಡಿಸಬೇಕಾಗಿಲ್ಲ. ಅಪ್ಪ ಅಮ್ಮ ಅರ್ಧ ಮನಸ್ಸಿನಿಂದ ಒಪ್ಪುವಷ್ಟರಲ್ಲಿ ಊಟದ ವಿಷಯ ಬರುತ್ತದೆ. ಹಲ್ಲಿಗೆ ಜೀವಂತ ಹುಳು ಬೇಕು, ಹೆಬ್ಬಾವಿಗೆ ಇಲಿ ಬೇಕು. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯ ಫ್ರೀಜರಿನಲ್ಲಿ, ತೆಂಗಿನತುರಿಯ ಪೊಟ್ಟಣದ ಪಕ್ಕದಲ್ಲಿ ಇಲಿ! ಊರಿನಿಂದ ಅಜ್ಜಿ ಬಂದಿದ್ದರಂತೂ ಹೇಳುವುದೇ ಬೇಡ.

ನಗು ಬಂದರೂ ಇದು ನಕ್ಕು ಬಿಡುವ ವಿಷಯವಲ್ಲ. ಪ್ರಾಣಿಹಿಂಸೆ ತಪ್ಪು ಎಂದು ಮಕ್ಕಳಿಗೆ ಹೇಳಿಕೊಡುವವರು ನಾವೇ. ಹಾಗಿರುವಾಗ ನಮ್ಮ ಕೈಯಿಂದಲೇ ಒಂದು ಜೀವವನ್ನು ಇನ್ನೊಂದಕ್ಕೆ ತಿನ್ನಿಸಿದರೆ ಪಾಪ ಯಾರಿಗೆ? ಹಾವಿಗೋ, ನಮಗೋ?

ಶಿಬಿ ಚಕ್ರವರ್ತಿಯ ಕಥೆ ನಮಗೆಲ್ಲ ಗೊತ್ತು. ಶರಣು ಬಂದ ಪಾರಿವಾಳಕ್ಕಾಗಿ ತನ್ನ ತೊಡೆಯ ಮಾಂಸವನ್ನೇ ಕೊಯ್ದುಕೊಟ್ಟ ದಾನಿ ಎಂದು ಕೊಂಡಾಡುತ್ತೇವೆ. ಆದರೆ ಗಿಡುಗ ಆಡುವ ಮಾತನ್ನು ಮರೆಯುತ್ತೇವೆ. ಇದು ನನಗೆ ಸಲ್ಲುವ ಆಹಾರ, ನೀನು ಇದನ್ನು ತಪ್ಪಿಸಿದರೆ ನಾನೂ ನನ್ನ ಸಂಸಾರವೂ ಸಾಯುತ್ತೇವಲ್ಲ, ಅದು ಧರ್ಮವೇ ಎಂದು ಅದು ವಾದಿಸುತ್ತದೆ. ಶಿಬಿ ಗಿಡುಗನಿಗೆ ಸೊಪ್ಪು ತಿನ್ನು ಎಂದು ಉಪದೇಶಿಸಲಿಲ್ಲ. ಅದರ ಹಸಿವು ನ್ಯಾಯವಾದದ್ದೆಂದು ಒಪ್ಪಿಕೊಂಡೇ ತನ್ನ ಮೈಯನ್ನು ಕೊಟ್ಟ. ನಮ್ಮ ಗೋವಿನ ಹಾಡಿನ ಹುಲಿಯೇನೋ ಪುಣ್ಯಕೋಟಿಯ ಸತ್ಯಕ್ಕೆ ಕರಗಿ ಪ್ರಾಣ ಬಿಡುತ್ತದೆ. ಕಾಡಿನ ಹುಲಿಗೆ ಅದು ಸಾಧ್ಯವಿಲ್ಲ, ಅದು ತಪ್ಪೂ ಅಲ್ಲ.

ನಮ್ಮ ಮಲೆನಾಡಿನ ಕಾಳಿಂಗ ಸರ್ಪ ಹೆಚ್ಚಾಗಿ ಬೇರೆ ಹಾವುಗಳನ್ನೇ ತಿಂದು ಬದುಕುತ್ತದೆ. (ಪಶ್ಚಿಮ ಘಟ್ಟದ ಈ ಹಾವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ ವಿಜ್ಞಾನಿಗಳು 2024ರಲ್ಲಿ ‘ಕಾಳಿಂಗ’ ಎಂಬ ನಮ್ಮ ಹೆಸರನ್ನೇ ಅದಕ್ಕಿಟ್ಟರು.) ಇಲ್ಲಿ ಸ್ಯಾನ್ ಮಟೇಯೋ ಕೌಂಟಿಯ ಜೌಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಗಾರ್ಟರ್ ಹಾವಿದೆ. 1967ರಿಂದಲೇ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅದರ ಮುಖ್ಯ ಆಹಾರಗಳಲ್ಲಿ ಒಂದು ಕ್ಯಾಲಿಫೋರ್ನಿಯಾದ ಕೆಂಪುಗಾಲಿನ ಕಪ್ಪೆ. ಆ ಕಪ್ಪೆಗೂ 1996ರಿಂದ ಕಾನೂನಿನ ರಕ್ಷಣೆ ಇದೆ. ಸರ್ಕಾರ ಎರಡನ್ನೂ ಕಾಯುತ್ತದೆ, ಆದರೆ ಹಾವಿನ ಬಾಯಿಂದ ಕಪ್ಪೆಯನ್ನು ಕಿತ್ತುಕೊಳ್ಳುವುದಿಲ್ಲ.

ಹಾಗಾದರೆ ಹಾವಿಗೆ ಪಾಪವಿಲ್ಲ. ನಮಗೆ? ಗಾಜಿನ ಪೆಟ್ಟಿಗೆ ಕಾಡಲ್ಲ. ಕಾಡಿನಲ್ಲಿ ಕಪ್ಪೆ ಹಾರಿ ತಪ್ಪಿಸಿಕೊಳ್ಳಬಹುದು, ಹಾವು ಉಪವಾಸ ಬೀಳಬಹುದು. ಪೆಟ್ಟಿಗೆಯೊಳಗಿನ ಇಲಿಗೆ ಓಡಲು ಜಾಗವಿಲ್ಲ, ಹಾವಿಗೆ ಬೇಟೆಗೆ ಹೋಗಲು ದಾರಿಯಿಲ್ಲ. ಅಲ್ಲಿ ಬೇಟೆಗಾರ ಹಾವು, ಇಲ್ಲಿ ಬೇಟೆಗಾರರು ನಾವು. ನಮ್ಮ ಮನೆಗೆ ಕರೆದುಕೊಂಡು ಹೋಗಿ ಎಂದು ಹಾವೇನೂ ಕೇಳಿರಲಿಲ್ಲ. ತಂದ ಗಳಿಗೆಯಿಂದ ಅದರ ಹಸಿವು ನಮ್ಮ ಹೊಣೆ.

ತಂದಮೇಲೆ ನಮ್ಮ ಶೀಲಕ್ಕಾಗಿ ಅದರ ಹೊಟ್ಟೆ ಒಣಗಿಸುವುದು ಅಹಿಂಸೆಯಲ್ಲ. ನಾಗರಪಂಚಮಿಗೆ ಹಾಲೆರೆಯುವುದು ನಮ್ಮ ಭಕ್ತಿ, ಆದರೆ ಹಾಲು ಹಾವಿನ ಆಹಾರವಲ್ಲ. ಮರಿ ಬಿಯರ್ಡೆಡ್ ಡ್ರ್ಯಾಗನ್ನಿಗೆ ಬರೀ ಸೊಪ್ಪು ಹಾಕಿ, ಸುಣ್ಣದಂಶವನ್ನೂ ಅತಿನೇರಳೆ ದೀಪವನ್ನೂ ಕೊಡದಿದ್ದರೆ ಅದರ ಮೂಳೆ ಮೆತ್ತಗಾಗಿ ಬಾಗುತ್ತದೆ. ವೈದ್ಯರಾದ ನಮಗೆ ಇದು ಹೊಸದಲ್ಲ, ಮಕ್ಕಳ ರಿಕೆಟ್ಸ್ ಕಾಯಿಲೆಯ ಅಣ್ಣತಮ್ಮ. ಇನ್ನೊಂದು ಕಡೆ, ಗೆಳೆಯರನ್ನು ಕೂಡಿಸಿ ಜೀವಂತ ಇಲಿಯನ್ನು ಬಿಟ್ಟು ತಮಾಷೆ ನೋಡುವವರೂ ಇದ್ದಾರೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕು ನಾವಾಗಬಾರದು. ಮೊದಲೇ ಕೊಂದು ಹೆಪ್ಪುಗಟ್ಟಿಸಿದ ಇಲಿ ಸಿಗುತ್ತದೆ. ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಕೊಟ್ಟರೆ ಇಲಿಗೆ ಭಯವಿಲ್ಲ, ಇಲಿ ಕಚ್ಚಿ ಹಾವಿಗೆ ಗಾಯವಾಗುವುದೂ ಇಲ್ಲ.

ಬೆಕ್ಕು ಸಾಕಿದವರು ಡಬ್ಬಿಯ ಮೀನನ್ನು ತೆರೆಯುವಾಗ ಈ ಪ್ರಶ್ನೆ ಏಳುವುದಿಲ್ಲವಲ್ಲ ಎನ್ನಬಹುದು. ನಿಜ, ಡಬ್ಬಿ ಸಾವನ್ನು ಮುಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ, ಅದನ್ನು ಪಡೆದ ಸಸ್ಯಾಹಾರಿಗಳು ನಮ್ಮಲ್ಲಿ ಬಹಳ ಮಂದಿ. ಪೂರ್ತಿ ಕೈ ತೊಳೆದುಕೊಂಡು ಬದುಕುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಹೆಪಾರಿನ್ ಜೀವ ಉಳಿಸಲು, ಹಾವು ನಮ್ಮ ಸಂತೋಷಕ್ಕೆ. ಈ ವ್ಯತ್ಯಾಸವನ್ನು ಮಕ್ಕಳ ಮುಂದೆ ಬಿಡಿಸಿ ಹೇಳಬೇಕು.

ಬೇರೆ ಹೊಣೆಗಳೂ ಇವೆ. ಹಾವು, ಹಲ್ಲಿ, ಆಮೆ, ಕಪ್ಪೆಗಳು ತಾವು ಆರೋಗ್ಯವಾಗಿದ್ದೇ ಸಾಲ್ಮೊನೆಲ್ಲಾ ರೋಗಾಣುಗಳನ್ನು ಹೊತ್ತಿರಬಹುದು. ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ಈ ದೇಶ 1975ರಲ್ಲೇ ನಿಷೇಧಿಸಿದ್ದು ಇದಕ್ಕಾಗಿ. ಐದು ವರ್ಷದೊಳಗಿನ ಮಗುವೋ ವಯಸ್ಸಾದ ಅಜ್ಜ ಅಜ್ಜಿಯೋ ಇರುವ ಮನೆಗೆ ಇವು ಬೇಡ. ಉಳಿದವರು ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಬೇಕು. ಬಾಲ್ ಪೈಥಾನ್ ಇಪ್ಪತ್ತು, ಮೂವತ್ತು ವರ್ಷ ಬದುಕಬಲ್ಲದು. ಮಗ ಕಾಲೇಜಿಗೆ ಹೋದಮೇಲೆ ಇಲಿ ಬೆಚ್ಚಗೆ ಮಾಡುವ ಕೆಲಸ ಅಮ್ಮನ ಪಾಲಿಗೆ!

ಬೇಸರವಾಯಿತೆಂದು ‘ಪಾಪ, ಸ್ವತಂತ್ರವಾಗಿರಲಿ’ ಎಂದು ಕೆರೆಗೆ ಬಿಡುವುದು ದಯೆಯಲ್ಲ. ಹಿಂದೆ ಗರ್ಭಪರೀಕ್ಷೆಗೆ ಬಳಸುತ್ತಿದ್ದ ಆಫ್ರಿಕದ ಉಗುರುಗಪ್ಪೆಗಳು ಗೋಲ್ಡನ್ ಗೇಟ್ ಪಾರ್ಕಿನ ಲಿಲಿ ಕೊಳದಲ್ಲಿ ಬೆಳೆದು, ಸಿಕ್ಕಿದ್ದನ್ನೆಲ್ಲ ತಿನ್ನತೊಡಗಿದ್ದವು. ಒಬ್ಬರ ಕರುಣೆಗೆ ಕೊಳದ ಜೀವಗಳೆಲ್ಲ ಬೆಲೆ ತೆರಬೇಕಾಗುತ್ತದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನ ಇಲ್ಲಿ ನಡೆಯುವುದಿಲ್ಲ. ಹಾವು ಬದುಕಬೇಕಾದರೆ ಇಲಿ ಸಾಯಲೇಬೇಕು. ಆದ್ದರಿಂದ ಊಟದ ಹೊತ್ತಿನಲ್ಲಿ ಧರ್ಮಸಂಕಟ ಪಟ್ಟು ಫಲವಿಲ್ಲ, ಈ ಪ್ರಶ್ನೆಯನ್ನು ಅಂಗಡಿಯ ಬಾಗಿಲಲ್ಲೇ ಕೇಳಿಕೊಳ್ಳಬೇಕು. ಅದರ ಹಸಿವನ್ನು ಕೊನೆಯವರೆಗೂ ಹೊರಬಲ್ಲೆವು ಎನ್ನುವವರು ತರಲಿ, ಅಂಜದೆ ಅದರ ಊಟ ಅದಕ್ಕೆ ಕೊಡಲಿ. ಆಗದು ಎನ್ನುವವರು ಹೊರಗಿನಿಂದಲೇ ನೋಡಿ ಸಂತೋಷಪಟ್ಟು ಬರಲಿ. ಎರಡೂ ಧರ್ಮವೇ. ತಂದು ಉಪವಾಸ ಕೆಡವುವುದು ಮಾತ್ರ ಅಲ್ಲ.