ಮದ್ಯತ್ಯಾಗವೂ ವಾಹನದ ಒಡೆತನವೂ

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದುದು. ಹುಟ್ಟಿದಂದಿನಿಂದ ಮದ್ಯವನ್ನು ಮುಟ್ಟದ ಗೃಹಸ್ಥನು ಈ ವ್ರತವು ತನಗೆ ಸಿದ್ಧಿಸಿದೆಯೆಂದು ನೆಮ್ಮದಿಯಿಂದಿರುತ್ತಾನೆ. ಆದರೆ ಅವನ ಸರಕನ್ನು ಹೊತ್ತ ಲಾರಿಯನ್ನು ಕುಡಿದವನೊಬ್ಬನು ನಡೆಸುತ್ತಿದ್ದು, ಅದು ಅವನಿಗೂ ತಿಳಿದಿದ್ದರೆ, ವ್ರತದ ಗತಿಯೇನು?

ಪ್ರಶ್ನೆಯು ಕಾಲ್ಪನಿಕವಲ್ಲ. ಶ್ರೀನಿವಾಸಪುರದ ಮಾವು, ಕೋಲಾರದ ಟೊಮೆಟೊ, ಮಾಲೂರಿನ ಇಟ್ಟಿಗೆ-ಹೆಂಚು ಲಾರಿಗಳನ್ನೇರಿ ಹೊರಡುವ ಸೀಮೆಯಿದು. ಮುಳಬಾಗಿಲನ್ನು ದಾಟಿ ಆಂಧ್ರ, ತಮಿಳುನಾಡುಗಳತ್ತ ಸಾಗುವ ಹೆದ್ದಾರಿಗೆ ಇರುಳೆಂಬುದೇ ಇಲ್ಲ.

ಕುಡಿದು ವಾಹನ ನಡೆಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಪ್ರಕರಣವು ದಂಡಿಸುತ್ತದೆ. ಮೂಲದಲ್ಲಿ ಅದು ರಕ್ತದಲ್ಲಿ ಮದ್ಯಾಂಶವು ಎಷ್ಟೇ ಅಲ್ಪವಾಗಿದ್ದರೂ ಅಪರಾಧವೆಂದಿತ್ತು. 1994ರ ತಿದ್ದುಪಡಿಯು 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮಿನ ಮಿತಿಯನ್ನು ಹಾಕಿತು. ವ್ರತಿಯಾದವನು ಇದನ್ನು ಕಂಡು ನಗಬೇಕಾಗಿಲ್ಲ. ನ್ಯಾಯಾಲಯಕ್ಕೆ ಯಂತ್ರದಿಂದ ಅಳೆಯಬಹುದಾದ ಪುರಾವೆ ಬೇಕು, ವ್ರತಕ್ಕೆ ಅದು ಬೇಡ. 2019ರ ಸೆಪ್ಟೆಂಬರ್ 1ರಿಂದ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮರಳಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, 15,000 ರೂಪಾಯಿ ದಂಡ.

ಹೆಚ್ಚು ಗಮನಾರ್ಹವಾದುದು 188ನೆಯ ಪ್ರಕರಣ. ಈ ಅಪರಾಧಕ್ಕೆ ದುಷ್ಪ್ರೇರಣೆ ಮಾಡಿದವನಿಗೂ ಅದೇ ಶಿಕ್ಷೆಯೆಂದು ಅದು ವಿಧಿಸುತ್ತದೆ. ಕೃತದೊಡನೆ ಕಾರಿತವನ್ನೂ ರಾಜ್ಯವು ತನ್ನದೇ ರೀತಿಯಲ್ಲಿ ಅರಿತಿದೆಯೆಂದಾಯಿತು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಆಸ್ರವದ ಜೀವಾಧಿಕರಣವನ್ನು 108 ಭೇದಗಳಾಗಿ ಎಣಿಸುವಾಗ ಕೃತ, ಕಾರಿತಗಳ ಪಕ್ಕದಲ್ಲಿಯೇ ಅನುಮತವನ್ನೂ ಇಟ್ಟಿದ್ದಾರೆ. ಕಾಯಿದೆಯ ಕೈ ನಿಲುಕದಿರುವುದು ಈ ಮೂರನೆಯದಕ್ಕೆ.

ಮೌನವೆಲ್ಲವೂ ಅನುಮೋದನೆಯೇ? ಹಾಗೆನ್ನಲಾಗದು. ಅರಿಯದವನ ಮೌನವೇ ಬೇರೆ, ಅಂಜಿದ ಕೂಲಿಯಾಳಿನ ಮೌನವೇ ಬೇರೆ. ಆದರೆ ಮಾಲೀಕನಿಗೆ ಅಂಜಿಕೆಯಿಲ್ಲ. ಚಾಲಕನ ಬಾಯಿಂದ ವಾಸನೆ ಬಂದಿದೆ. ಬದಲಿ ಚಾಲಕ ಸಿಗುತ್ತಿಲ್ಲ. ಹಣ್ಣು ಕಳಿಯುತ್ತಿದೆ, ಬೆಳಗಾಗುವುದರೊಳಗೆ ಮಂಡಿ ಸೇರದಿದ್ದರೆ ಬೆಲೆ ಬಿದ್ದುಹೋಗುತ್ತದೆ. ಆಗ ಆತನು ಮುಖ ತಿರುಗಿಸಿ ಲೆಕ್ಕದ ಪುಸ್ತಕವನ್ನು ತೆರೆದರೆ, ಆ ಮೌನದಲ್ಲಿ ಲಾಭದ ಆಸೆಯಿದೆ. ಪ್ರಮತ್ತಯೋಗವು ಚಾಲಕನೊಬ್ಬನದೇ ಅಲ್ಲ. ಮದ್ಯವು ಮನಸ್ಸನ್ನು ಮಂಕುಗೊಳಿಸಿ, ಧರ್ಮವನ್ನು ಮರೆಸಿ, ಹಿಂಸೆಗೆ ಅಳುಕದಂತೆ ಮಾಡುವುದೆಂದು ಅಮೃತಚಂದ್ರಾಚಾರ್ಯರು ತೋರಿಸಿದ್ದಾರೆ. ಕುಡಿಯದೆಯೇ ಮಾಲೀಕನು ಅದೇ ಹಾದಿಯನ್ನು ನಡೆದಿರುತ್ತಾನೆ. ಅಂದು ಚತುರ್ದಶಿಯಾಗಿದ್ದು ಮನೆಯಲ್ಲಿ ಎಲ್ಲರೂ ಉಪವಾಸವಿದ್ದರಂತೂ ವಿಪರ್ಯಾಸಕ್ಕೆ ಎಣೆಯಿಲ್ಲ.

ಲಾರಿಯನ್ನು ಬೆಳಗಿನವರೆಗೆ ನಿಲ್ಲಿಸುವುದು ಉಪವಾಸಕ್ಕಿಂತ ಕಷ್ಟ. ಉಪವಾಸದ ಹಸಿವು ಪಾರಣೆಗೆ ತೀರುತ್ತದೆ, ಕೆಟ್ಟ ಹಣ್ಣಿನ ನಷ್ಟ ತೀರುವುದಿಲ್ಲ. ಆ ನಷ್ಟವನ್ನು ಚಾಲಕನ ಸಂಬಳದಲ್ಲಿ ಮುರಿದುಕೊಳ್ಳಬೇಕೆ? ಹಗಲಿರುಳೂ ನಿದ್ದೆಯಿಲ್ಲದೆ ಅವನನ್ನು ಓಡಿಸಿದವರು ಯಾರೆಂಬುದನ್ನು ಮೊದಲು ವಿಚಾರಿಸಬೇಕು. ನಿದ್ದೆಗೆಟ್ಟ ಮೈ ಅನೇಕ ವೇಳೆ ಮದ್ಯದ ಮೊರೆಹೊಗುತ್ತದೆ. ಆ ದಣಿವೂ ಒಡೆಯನ ಲೆಕ್ಕಕ್ಕೇ ಸೇರತಕ್ಕದ್ದು.