ಬರಿದಾದ ಬೆಟ್ಟ

ಸಿಟ್ಟನ್ನು ಒಳಗೇ ಇಟ್ಟುಕೊಳ್ಳಬಾರದು, ಆಡಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎನ್ನುವವರುಂಟು. ನಾನೂ ಹಾಗೆಯೇ ನಂಬಿದ್ದೆ. ತಂದೆಯವರು ತೀರಿಕೊಂಡ ಮೇಲೆ ಮನೆಯ ಪಾಲಿನ ಮಾತು ಬಂದಾಗ, ಇಪ್ಪತ್ತು ವರ್ಷ ನುಂಗಿಕೊಂಡಿದ್ದುದನ್ನೆಲ್ಲ ಒಂದೇ ಸಂಜೆ ಅಣ್ಣನ ಮುಂದೆ ಸುರಿದೆ. ಅಂದು ರಾತ್ರಿ ಸೊಗಸಾದ ನಿದ್ದೆ ಬಂತು.

ಈಚೆಗೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಕ್ರೇಟರ್ ಸರೋವರದ ವಿಷಯ ಓದುತ್ತಿದ್ದಾಗ ಆ ನಿದ್ದೆ ನೆನಪಾಯಿತು. ಅಲ್ಲಿ ಹಿಂದೆ ಒಂದು ದೊಡ್ಡ ಅಗ್ನಿಪರ್ವತವಿತ್ತು. ಮಜಾಮಾ ಎಂದು ಈಗ ಅದರ ಹೆಸರು. ಸುಮಾರು 7,700 ವರ್ಷಗಳ ಹಿಂದೆ ಅದು ಬೆಂಕಿಯುಗುಳಿತು. ಇಂದು ಶಿಖರವಿದ್ದಲ್ಲಿ 594 ಮೀಟರ್ ಆಳದ ನೀಲಿ ನೀರು. ಬೆಟ್ಟದ ನೆತ್ತಿ ಸಿಡಿದು ಹಾರಿಹೋಯಿತೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಹಾಗೆ ಹಾರಿದ್ದರೆ ಹಳೆಯ ಬಂಡೆಯ ಚೂರುಗಳು ಸುತ್ತಲೂ ರಾಶಿ ಬಿದ್ದಿರಬೇಕಷ್ಟೆ? ಅಲ್ಲಿ ಹರಡಿರುವುದು ಬಹುಪಾಲು ಒಳಗಿನ ಶಿಲಾರಸದಿಂದಾದ ಬೂದಿ, ನೊರೆಗಲ್ಲು. 1942ರಲ್ಲಿ ಭೂವಿಜ್ಞಾನಿ ಹಾವೆಲ್ ವಿಲಿಯಮ್ಸ್ ಇದನ್ನು ವಿವರವಾಗಿ ತೋರಿಸಿದರು. ಸುಮಾರು 50 ಘನ ಕಿಲೋಮೀಟರ್ ಶಿಲಾರಸ ಹೊರಬಿದ್ದು ನೆಲದಡಿಯ ಉಗ್ರಾಣ ಬರಿದಾಯಿತು. ಆಸರೆ ತಪ್ಪಿದ ಶಿಖರ ಅದರೊಳಕ್ಕೆ ಕುಸಿಯಿತು.

ಬೆಟ್ಟಕ್ಕೆ ಸಿಟ್ಟಿಲ್ಲ, ನನಗೆ ಪಾಠ ಹೇಳಲೆಂದು ಅದು ಕುಸಿಯಲೂ ಇಲ್ಲ. ಆದರೂ ನನ್ನನ್ನೇ ಕೇಳಿಕೊಂಡೆ: ಆ ಸಂಜೆ ನಾನು ಹೊರಗೆ ಚೆಲ್ಲಿದ್ದು ಬರಿಯ ಬೆಂಕಿಯೆ? ಅದರ ಜೊತೆಯಲ್ಲೇ ಅಣ್ಣನ ಸಲಿಗೆ, ನಾಳೆ ಸರಿಹೋದೀತೆಂಬ ಆಸೆ ಎಲ್ಲವೂ ಚೆಲ್ಲಿಹೋಗಿದ್ದುವು. ಮರುದಿನದಿಂದ ಅವನು ನನ್ನನ್ನು ಬಹುವಚನದಲ್ಲಿ ಮಾತನಾಡಿಸತೊಡಗಿದ. ಬರಿದಾದದ್ದನ್ನೇ ನಾನು ಹಗುರವಾಯಿತೆಂದು ತಿಳಿದಿದ್ದೆ.

ಹಾಗಾದರೆ ನುಂಗಿಕೊಂಡೇ ಇರಬೇಕೆ? ಅನ್ಯಾಯವನ್ನು ಕಂಡೂ ಸುಮ್ಮನಿರುವುದು ಧರ್ಮವೆಂದು ನಾನು ಹೇಳಲಾರೆ. ಅಂದಂದಿನ ಮಾತನ್ನು ಅಂದಂದೇ ಆಡಿದ್ದರೆ ಅದು ಅಣ್ಣನಿಗೆ ಕೇಳಿಸುತ್ತಿತ್ತು. ಇಪ್ಪತ್ತು ವರ್ಷ ಕೂಡಿಟ್ಟು ಆಡಿದ ಮಾತು ಅವನಿಗೆ ತಿಳಿಯಲೆಂದು ಆಡಿದ್ದಲ್ಲ, ನನ್ನ ನಿದ್ದೆಗಾಗಿ ಆಡಿದ್ದು. ತಪ್ಪಿದ್ದದ್ದು ಅಲ್ಲಿ.

ಆ ಕುಳಿಗೆ ಹರಿದುಬರುವ ನದಿ ಒಂದೂ ಇಲ್ಲ. ಮಳೆ, ಹಿಮಗಳೇ ಅದನ್ನು ತುಂಬಿದುವು. ಸುಮಾರು 700 ವರ್ಷ ಹಿಡಿಯಿತಂತೆ. ನನಗೆ ಅಷ್ಟು ಆಯುಸ್ಸಿಲ್ಲ. ಕಳೆದ ಭಾನುವಾರ ಅಣ್ಣನ ಮನೆಗೆ ಹೋಗಿದ್ದೆ. “ಕಾಫಿ ತೆಗೆದುಕೊಳ್ಳಿ” ಎಂದ. ಕುಡಿದು ಬಂದೆ. ಮುಂದಿನ ಭಾನುವಾರವೂ ಹೋಗುತ್ತೇನೆ.